ದಾಹವಿಲ್ಲ, ಸುಸ್ತಿಲ್ಲ, ಆದರೂ ಸಕ್ಕರೆ ಕಾಯಿಲೆಯೇ?

ಪ್ರಶ್ನೆ: ನನಗೆ 46 ವರ್ಷ. ಆಫೀಸಿನಲ್ಲಿ ಮಾಡಿಸಿದ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಶುಗರ್ 118, ಎಚ್‌ಬಿಎ1ಸಿ 6.7 ಎಂದು ಬಂದಿದೆ. ಮೊದಲನೆಯದರ ಪ್ರಕಾರ ಶುಗರ್ ಇಲ್ಲ, ಎರಡನೆಯದರ ಪ್ರಕಾರ ಇದೆ ಎನ್ನುತ್ತಾರೆ. ನನಗೆ ಬಾಯಾರಿಕೆಯೂ ಇಲ್ಲ, ಸುಸ್ತೂ ಇಲ್ಲ. ಯಾವುದನ್ನು ನಂಬಬೇಕು?

ಉತ್ತರ: ವರದಿಯನ್ನು ಮಡಚಿ ಬೀರುವಿನಲ್ಲಿಡದೆ ಕೇಳಿದ್ದೀರಿ, ಸಂತೋಷ. ಎರಡು ಅಂಕಿ ಎರಡು ಮಾತು ಹೇಳಿದರೆ ಯಾರಿಗಾದರೂ ಗೊಂದಲವಾಗುತ್ತದೆ.

ಮೊದಲು ಬಾಯಾರಿಕೆಯ ವಿಷಯ. ನಮ್ಮ ಮೂತ್ರಪಿಂಡಗಳು ರಕ್ತದ ಸಕ್ಕರೆಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಸೋಸಿದ ಸಕ್ಕರೆಯನ್ನೆಲ್ಲ ಮತ್ತೆ ರಕ್ತಕ್ಕೇ ಸೇರಿಸುತ್ತವೆ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮಾತ್ರ ಆ ಕೆಲಸ ಅವುಗಳ ಕೈಮೀರುತ್ತದೆ. ಆಗ ಸಕ್ಕರೆ ಮೂತ್ರಕ್ಕಿಳಿಯುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು ಹೋಗುವುದು, ಎಷ್ಟು ನೀರು ಕುಡಿದರೂ ಗಂಟಲು ಒಣಗುವುದು, ತೂಕ ಇಳಿಯುವುದು ಶುರುವಾಗುವುದು ಆಮೇಲೆ. ‘ಮಧುಮೇಹ’ ಎಂಬ ಹಳೆಯ ಹೆಸರಿನಲ್ಲೇ ಸಿಹಿಯಾದ ಮೂತ್ರವೆಂಬ ಅರ್ಥವಿದೆ. ಆದರೆ ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಸಕ್ಕರೆ 130, 150ರಲ್ಲಿದ್ದಾಗ ನಿಮಗೆ ಏನೂ ಅನ್ನಿಸದಿರಬಹುದು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಹೀಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು.

(ಮಕ್ಕಳ ವಿಷಯ ಬೇರೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿ, ಬಾಯಾರಿಕೆ ಎಂದು ಒದ್ದಾಡುತ್ತ ಸೊರಗುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.)

ಇನ್ನು ನಿಮ್ಮ ಅಂಕಿಗಳು. ರಾತ್ರಿ ಊಟದ ನಂತರ ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಪರೀಕ್ಷಿಸಿದಾಗ ಸಕ್ಕರೆ 126 ಅಥವಾ ಹೆಚ್ಚಿದ್ದರೆ ಮಧುಮೇಹ. ಅಮೆರಿಕದ ಮಧುಮೇಹ ಸಂಘದ ಲೆಕ್ಕದಲ್ಲಿ 100ರಿಂದ 125 ಮಧುಮೇಹಕ್ಕೆ ಮುಂಚಿನ ಹಂತ. ಹಾಗಾಗಿ ನಿಮ್ಮ 118 ‘ಶುಗರ್ ಇಲ್ಲ’ ಎಂದು ಹೇಳುತ್ತಿಲ್ಲ. ಹೊಸ್ತಿಲ ಹತ್ತಿರ ಬಂದಿದ್ದೀರಿ ಎನ್ನುತ್ತಿದೆ. ಎಚ್‌ಬಿಎ1ಸಿಯಲ್ಲಿ ಗೆರೆ ಇರುವುದು 6.5ಕ್ಕೆ.

ಇಲ್ಲಿ ಹಲವರು ಎಡವುತ್ತಾರೆ: ಈ 6.7 ಸಕ್ಕರೆಯ ಮಿಲಿಗ್ರಾಂ ಅಲ್ಲ, ಸಕ್ಕರೆ ಅಂಟಿದ ಹಿಮೋಗ್ಲೋಬಿನ್‌ನ ಶೇಕಡಾವಾರು. ಸಕ್ಕರೆ ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕೆಂಪು ರಕ್ತಕಣ ಬದುಕಿರುವ ಸುಮಾರು 120 ದಿನವೂ ಬಿಡುವುದಿಲ್ಲ. ಖಾಲಿ ಹೊಟ್ಟೆಯ ಪರೀಕ್ಷೆ ಇವತ್ತು ಬೆಳಿಗ್ಗೆ ಕೆರೆಯಲ್ಲಿ ನೀರೆಷ್ಟಿದೆ ಎಂದು ನೋಡಿದಂತೆ. ಎಚ್‌ಬಿಎ1ಸಿ ಕಟ್ಟೆಯ ಕಲ್ಲಿನ ಮೇಲೆ ನೀರು ಬಿಟ್ಟುಹೋದ ಗುರುತು ನೋಡಿದಂತೆ. ನಿಮಗೆ ಊಟದ ನಂತರ ಸಕ್ಕರೆ ಹೆಚ್ಚು ಏರುತ್ತಿದ್ದರೆ ಬೆಳಗಿನ ಪರೀಕ್ಷೆಗೆ ಅದು ಸಿಗುವುದಿಲ್ಲ, ಎಚ್‌ಬಿಎ1ಸಿಗೆ ಸಿಗುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ.

ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರಬೇಕಾದುದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ಅದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಲಕ್ಷಣಗಳಿಲ್ಲದವರಲ್ಲಿ ಒಂದೇ ವರದಿ ನೋಡಿ ಕಾಯಿಲೆ ಎಂದು ನಿರ್ಧರಿಸುವುದಿಲ್ಲ. ಎರಡು ಪರೀಕ್ಷೆ ಹೊಂದದಿದ್ದಾಗ ಗೆರೆ ದಾಟಿದ್ದನ್ನು ಮತ್ತೆ ಮಾಡಿಸುವುದು ಪದ್ಧತಿ. ನಿಮಗೆ ಅದು ಎಚ್‌ಬಿಎ1ಸಿ. ಮತ್ತೆ 6.5 ಅಥವಾ ಹೆಚ್ಚು ಬಂದರೆ ಮಧುಮೇಹ ಖಚಿತ. ವೈದ್ಯರು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರವೂ ನೋಡಬಹುದು. ಅಲ್ಲಿ ಗೆರೆ 200. ಬೆರಳು ಚುಚ್ಚಿ ನೋಡುವ ಮನೆಯ ಗ್ಲೂಕೋಮೀಟರ್ ಕಾಯಿಲೆ ಇರುವವರು ದಿನದಿನದ ಏರಿಳಿತ ತಿಳಿಯಲು ಸರಿ, ನಿರ್ಧಾರಕ್ಕೆ ಲ್ಯಾಬಿನ ರಕ್ತಪರೀಕ್ಷೆಯೇ ಬೇಕು.

ಒಂದು ವಿನಂತಿ. ಪರೀಕ್ಷೆಗೆ ಮುಂಚೆ ಮೂರು ದಿನ ಅನ್ನ, ಮುದ್ದೆ ಬಿಟ್ಟು ಉಪವಾಸ ಕೂರಬೇಡಿ. ಅದರಿಂದ ಎಚ್‌ಬಿಎ1ಸಿ ಅಷ್ಟೇನೂ ಇಳಿಯುವುದಿಲ್ಲ, ಗ್ಲೂಕೋಸ್ ಪರೀಕ್ಷೆಯಂತೂ ಕೆಡುತ್ತದೆ. ಆ ದಿನಗಳಲ್ಲಿ ಎಂದಿನಂತೆ ಉಣ್ಣಿ, ಹೋಗುವಾಗ ಹಳೆಯ ವರದಿಯನ್ನೂ ಕೊಂಡೊಯ್ಯಿರಿ. ಮಧುಮೇಹ ಖಚಿತವಾದರೆ ಅದೇ ಭೇಟಿಯಲ್ಲಿ ಕಣ್ಣಿನ ಅಕ್ಷಿಪಟಲದ ತಪಾಸಣೆ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗೂ ಬರೆಸಿಕೊಳ್ಳಿ. ಕಾಯಿಲೆ ಎಷ್ಟು ಕಾಲದಿಂದ ಸದ್ದಿಲ್ಲದೆ ಇತ್ತೋ ಗೊತ್ತಿಲ್ಲವಲ್ಲ.