ಹುರುಳಿಕಾಯಿ ಬೆಳೆಯಲ್ಲಿ ಕಳೆನಾಶಕಗಳ ಉಪಯೋಗ

ಪೇಟೆಯಲ್ಲಿ ಬೀನ್ಸ್ ಎಂದು ಕರೆಯಲ್ಪಡುವ ಹುರುಳಿಕಾಯಿಯು ಅಲ್ಪಾವಧಿಯ ಬೆಳೆ. ಅರ್ಕಾ ಕೋಮಲ್ ಮೊದಲಾದ ಗಿಡಜಾತಿಯ ತಳಿಗಳು ಬಿತ್ತಿದ ಸುಮಾರು 50 ದಿನಗಳಲ್ಲಿ ಕೊಯ್ಲಿಗೆ ಬರುವುವು. ಆದುದರಿಂದ ಮೊದಲ ತಿಂಗಳಲ್ಲಿ ಕಳೆಯಿಂದ ಆದ ನಷ್ಟವನ್ನು ತುಂಬಿಕೊಳ್ಳಲು ಬೆಳೆಗೆ ಕಾಲಾವಕಾಶವಿರುವುದಿಲ್ಲ. ಅಣ್ಣೆಸೊಪ್ಪು, ಗೋಣಿಸೊಪ್ಪು ಮೊದಲಾದುವು ಬೆಳೆಗೆ ಹಾಕಿದ ಗೊಬ್ಬರವನ್ನೂ ನೀರನ್ನೂ ತಾವೇ ಹೀರಿಕೊಳ್ಳುವುವು. ಕಳೆ ಕೀಳಲು ಆಳುಗಳು ಸಕಾಲಕ್ಕೆ ದೊರೆಯದಿರುವ ಗ್ರಾಮಗಳಲ್ಲಿ ಕಳೆನಾಶಕವು ಸಹಾಯಕವಾಗುವುದು.

ಪೆಂಡಿಮೆಥಾಲಿನ್ ಎಂಬ ಔಷಧಿಯು ಎದ್ದುನಿಂತ ಕಳೆಯನ್ನು ಕೊಲ್ಲದು. ಮೊಳೆಯುತ್ತಿರುವ ಕಳೆಬೀಜದ ಬೇರು ಕುಡಿಗಳ ಬೆಳವಣಿಗೆಯನ್ನು ತಡೆಯುವುದು. ಕಳೆಯು ಕಣ್ಣಿಗೆ ಬಿದ್ದ ಮೇಲೆ ಇದನ್ನು ಕೊಳ್ಳುವುದು ಹಣವನ್ನು ಮಣ್ಣಿಗೆ ಸುರಿದಂತೆಯೇ ಸರಿ. ಬಿತ್ತಿದ ದಿನ ಅಥವಾ ಮರುದಿನ, ಪೈರು ಮೊಳೆಯುವ ಮೊದಲೇ, ಹೆಂಟೆಯಿಲ್ಲದ ತೇವದ ಭೂಮಿಗೆ ಇದನ್ನು ಸಿಂಪಡಿಸತಕ್ಕದ್ದು.

ಪ್ರಮಾಣ: ಶೇಕಡ 30ರ ದ್ರಾವಣವು ಎಕರೆಗೆ ಮರಳು ಹೆಚ್ಚಾದ ಭೂಮಿಯಲ್ಲಿ 1 ಲೀಟರು, ಜಿಗುಟು ಭೂಮಿಯಲ್ಲಿ 1.3 ಲೀಟರು, ನೀರು 300 ಲೀಟರು. 15 ಲೀಟರು ಹಿಡಿಯುವ ಬೆನ್ನಿನ ಸಿಂಪರಣಾ ಯಂತ್ರವಾದರೆ 20 ಸಲ ತುಂಬಬೇಕು. ಪ್ರತಿ ಸಲಕ್ಕೆ ಕ್ರಮವಾಗಿ 50 ಅಥವಾ 65 ಮಿಲಿಲೀಟರು ಔಷಧಿ ಸಾಕು. ಸಿಂಪಡಿಸುವವನು ಹಿಂದಕ್ಕೆ ನಡೆಯುತ್ತ ಹೋದರೆ ಔಷಧಿ ಬಿದ್ದ ನೆಲವನ್ನು ತುಳಿದಂತಾಗುವುದಿಲ್ಲ.

ಜೇಕು, ಗರಿಕೆಗಳು ಗಡ್ಡೆ ಬೇರುಗಳಿಂದ ಚಿಗುರುವುದರಿಂದ ಈ ಔಷಧಿಗೆ ಬಗ್ಗುವುದಿಲ್ಲ. ಅವನ್ನು ಉಳುಮೆಯ ಕಾಲದಲ್ಲಿಯೇ ಆರಿಸಿ ತೆಗೆಯಬೇಕು. ಬಿತ್ತಿದ 25-30 ದಿನಗಳಲ್ಲಿ ಒಂದು ಸಲ ಕೈಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸುವುದು ಅವಶ್ಯಕ. ಬೇರುಗಳು ಮೇಲ್ಮಣ್ಣಿನಲ್ಲಿರುವುದರಿಂದ ಆಳವಾಗಿ ಕೆದಕಕೂಡದು.

ಗಮನಿಸತಕ್ಕ ಎಚ್ಚರಿಕೆಗಳು:

1. ಜೋಳ, ಕಬ್ಬುಗಳಲ್ಲಿ ಅಗಲ ಎಲೆಯ ಕಳೆಗಳಿಗೆ ಬಳಸುವ 2,4-ಡಿ ಹುರುಳಿಕಾಯಿಗೆ ವಿಷಪ್ರಾಯ. ಏಕೆಂದರೆ ಇದೂ ಅಗಲ ಎಲೆಯ ಗಿಡವೇ. ಗಾಳಿಯಲ್ಲಿ ತೇಲಿಬಂದ ಹನಿಗಳಿಂದಲೂ, ಚೆನ್ನಾಗಿ ತೊಳೆಯದ ಯಂತ್ರದಿಂದಲೂ ಪೈರು ಕೆಡುವುದು. ಅಕ್ಕಪಕ್ಕದ ಹೊಲದವರು ಗಾಳಿಯಿಲ್ಲದ ವೇಳೆಯಲ್ಲಿಯೇ ಸಿಂಪಡಿಸುವಂತೆ ಗ್ರಾಮದ ಮುಖಂಡರು ಏರ್ಪಡಿಸಿದರೆ ಅನೇಕ ವ್ಯಾಜ್ಯಗಳು ತಪ್ಪುವುವು.

2. ಮುಸುಕಿನ ಜೋಳಕ್ಕೆ ಅಟ್ರಜಿನ್ ಹಾಕಿದ್ದ ಭೂಮಿಯಲ್ಲಿ ಅದರ ಶೇಷವು ಉಳಿದು ಹುರುಳಿಕಾಯಿಗೆ ಹಾನಿಯಾಗಬಹುದು.

3. ಹಿಂದೆ ಬಳಕೆಯಲ್ಲಿದ್ದ ಅಲಾಕ್ಲೋರ್ ಔಷಧಿಯ ಉಪಯೋಗವು ಕೇಂದ್ರ ಸರ್ಕಾರದ 2018ರ ಆಜ್ಞೆಯ ಮೇರೆಗೆ 2020ರ ಅಂತ್ಯದಿಂದ ನಿಷಿದ್ಧವಾಗಿದೆ. ಹಳೆಯ ದಾಸ್ತಾನನ್ನು ಯಾರೂ ಕೊಳ್ಳಕೂಡದು.

4. ಪೆಂಡಿಮೆಥಾಲಿನ್ ಮೀನುಗಳಿಗೆ ಮಾರಕ. ಯಂತ್ರವನ್ನು ಕೆರೆ ಕಾಲುವೆಗಳಲ್ಲಿ ತೊಳೆಯಕೂಡದು. ಆಳುಗಳಿಗೆ ಕೈಚೀಲ, ಮುಖವಸ್ತ್ರಗಳನ್ನು ಒದಗಿಸುವುದು ಭೂಮಾಲೀಕರ ಕರ್ತವ್ಯ. ಖಾಲಿ ಡಬ್ಬಿಗಳನ್ನು ಮನೆಬಳಕೆಗೆ ಒಯ್ಯಗೊಡಬಾರದು.

ಕೊಳ್ಳುವ ಮೊದಲು ಡಬ್ಬಿಯ ಮೇಲಣ ಸೂಚನೆಗಳನ್ನು ಓದಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮೊದಲ ವರ್ಷ ನಾಲ್ಕಾರು ಗುಂಟೆಯಲ್ಲಿ ಮಾತ್ರ ಪರೀಕ್ಷಿಸಿ, ಕೈಕಳೆ ತೆಗೆದ ಪಕ್ಕದ ತಾಕಿನೊಡನೆ ಖರ್ಚನ್ನೂ ಫಸಲನ್ನೂ ತಾಳೆನೋಡಿದರೆ, ಇದರ ಲಾಭಾಲಾಭವು ರೈತನಿಗೆ ತಾನಾಗಿಯೇ ತಿಳಿದುಬರುವುದು.