ಮರಳು ಮಣ್ಣಿನ ಏರಿ ಕೊಚ್ಚಿಹೋಗದಿರಲು

ಕೋಲಾರ, ತುಮಕೂರಿನ ಕಡೆ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಕೃಷಿ ಹೊಂಡ ತೋಡಿಸಿದರೆ ಜೋರು ಮಳೆಗೆ ಏರಿಯ ಮೈಮೇಲೆ ಕೊರಕಲು ಬೀಳುವುದುಂಟು. ಕಣಕ್ಕೆ ಕಣ ಹಿಡಿದಿಡುವ ಅಂಟು ಮರಳಿನಲ್ಲಿಲ್ಲ, ನಾವೇ ಸೇರಿಸಬೇಕು. ಹಾಗೆಂದು ಇಡೀ ಏರಿಗೆ ಸಿಮೆಂಟ್ ಬೇಕಿಲ್ಲ.

1. ಮಣ್ಣಿನ ಪರೀಕ್ಷೆ: ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನ ಬೇಕು. ಮೇಲಿನ ಜೇಡಿ ಪದರ ತೀರಾ ತೆಳ್ಳಗಿದ್ದರೆ ಅಂಟು ಸಾಲದು.

2. ಕೆರೆಗೋಡು: ಅಂಟು ಸಾಲದಿದ್ದರೆ ಕೆರೆಯ ತಳದ ಜೇಡಿಗೋಡನ್ನು ಒಣಗಿಸಿ ಪುಡಿಮಾಡಿ, ನಾಲ್ಕು ಬಾಂಡ್ಲಿ ಮಣ್ಣಿಗೆ ಸುಮಾರು ಒಂದು ಬಾಂಡ್ಲಿಯಂತೆ ಬೆರೆಸಿ. ಹೆಚ್ಚು ಹಾಕಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಕತ್ತರಿಸಿದ ಹುಲ್ಲು ಸೇರಿಸಿದರೆ ಬಿರುಕು ಕಡಿಮೆ.

3. ಉಂಡೆ ಪರೀಕ್ಷೆ: ಇಡೀ ಏರಿಗೆ ಬೆರೆಸುವ ಮೊದಲು ಗೋಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನಿಂಬೆ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ, ಲೋಟದ ನೀರಿಗೆ ಬಿಡಿ. ಬರೀ ಮರಳು ಮಣ್ಣಿನ ಉಂಡೆ ಬಿದ್ದೊಡನೆ ಉದುರಿ ತಳದಲ್ಲಿ ಗುಪ್ಪೆಯಾಗುತ್ತದೆ. ಹೆಚ್ಚು ಹೊತ್ತು ನಿಂತ ಉಂಡೆಯ ಪ್ರಮಾಣವನ್ನೇ ಏರಿಗೆ ಬಳಸಿ.

4. ಸಿಮೆಂಟ್: ನೀರು ರಭಸದಿಂದ ಹರಿಯುವ ಒಳಹರಿವಿನ ಬಾಯಿ ಮತ್ತು ಕೋಡಿಗೆ ಮಾತ್ರ ಸಾಕು. 12 ಬಾಂಡ್ಲಿ ಮಣ್ಣಿಗೆ 1 ಬಾಂಡ್ಲಿ ಸಿಮೆಂಟನ್ನು ಒಣದಾಗಿಯೇ ಬೆರೆಸಿ, ನಂತರ ನೀರು ಚಿಮುಕಿಸಿ. ದಮ್ಮಸಿನ ನಂತರ 10 ಸೆಂ.ಮೀ. ದಪ್ಪ ಉಳಿಯುವಂತೆ ಹಾಸಿದರೆ 50 ಕೆ.ಜಿ. ಚೀಲ ಸುಮಾರು 3 ಚದರ ಮೀಟರ್‌ಗೆ ಬರುತ್ತದೆ. ಸುಣ್ಣ ಅಗ್ಗವೆಂದು ಬರೀ ಮರಳಿಗೆ ಹಾಕಬೇಡಿ. ಅದು ಜೇಡಿಯೊಡನೆ ಕೂಡಿದರೆ ಮಾತ್ರ ಮಣ್ಣನ್ನು ಗಟ್ಟಿಮಾಡುತ್ತದೆ.

5. ದಮ್ಮಸು: ಮುಷ್ಟಿಯಲ್ಲಿ ಹಿಂಡಿದರೆ ಮಣ್ಣು ಉಂಡೆಯಾಗಬೇಕು, ಕೈಗೆ ನೀರು ಒಸರಬಾರದು. ಇದೇ ಹದ. 15 ಸೆಂ.ಮೀ.ಗಿಂತ ದಪ್ಪವಾಗದಂತೆ ಪದರ ಪದರವಾಗಿ ಹಾಸಿ ದಮ್ಮಸು ಹೊಡೆಯಿರಿ. ಸಿಮೆಂಟ್ ಬೆರೆಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಿ, ಕೈಗವಸು ಮರೆಯಬೇಡಿ.

6. ಆರೈಕೆ: ಸಿಮೆಂಟ್ ಭಾಗಕ್ಕೆ ಒದ್ದೆ ಗೋಣಿ ಹೊದಿಸಿ 7 ದಿನ ತೇವ ಕಾಯ್ದುಕೊಳ್ಳಿ. ಅಲ್ಲಿಯವರೆಗೆ ಅದರ ಮೇಲೆ ನೀರು ಹರಿಸಬೇಡಿ. ಗೋಡು ಬೆರೆಸಿದ ಇಳಿಜಾರಿಗೆ ಅಡ್ಡಸಾಲಿನಲ್ಲಿ 10–15 ಸೆಂ.ಮೀ. ಅಂತರದಲ್ಲಿ ಲಾವಂಚ ನೆಡಿ. ಬೇರು ಇಳಿಯುವವರೆಗೆ ಮೇಲ್ಮೈ ಕಾಯುವುದು ಗೋಡಿನ ಕೆಲಸ.

ಪ್ರತಿ ದೊಡ್ಡ ಮಳೆಯ ನಂತರ ಏರಿಯ ಮೇಲೆ ಒಂದು ಸುತ್ತು ಹಾಕಿ. ಬೆರಳಗಲದ ಕೊರಕಲಾದರೆ ಅದೇ ಮಿಶ್ರಣದ ಒಂದು ಬಾಂಡ್ಲಿಯಲ್ಲಿ ಮುಚ್ಚಬಹುದು. ಬಿಟ್ಟರೆ ಟ್ರ್ಯಾಕ್ಟರ್‌ನಲ್ಲಿ ಮಣ್ಣು ತರಿಸಬೇಕಾದೀತು.