ಮಾಳಿಗೆ ಮನೆಯಿಂದ ಸುಸ್ಥಿರ ವಿನ್ಯಾಸದ ಪಾಠ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಗೊಂದು ಮಾದರಿ

ತರಗತಿ: 8
ವಿಷಯ: ವಿಜ್ಞಾನ (ಪರಿಸರ ಘಟಕಕ್ಕೆ ಪೂರಕ)
ಅವಧಿಗಳು: 3

ಪೀಠಿಕೆ

ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ‘ಕಚ್ಚಾ ಮನೆ – ಪಕ್ಕಾ ಮನೆ’ ಎಂಬ ಪಟ್ಟಿ ಮತ್ತೆ ಮತ್ತೆ ಕಾಣುತ್ತದೆ. ಮಣ್ಣಿನ ಮನೆ ಕಚ್ಚಾ ಸಾಲಿಗೆ, ಆರ್‌ಸಿಸಿ ಮನೆ ಪಕ್ಕಾ ಸಾಲಿಗೆ ಸೇರುತ್ತದೆ. ಆಗ ಮಣ್ಣಿನ ಮನೆಯಿಂದ ಬಂದ ಮಗು ಸುಮ್ಮನಾಗಿಬಿಡುತ್ತದೆ. ಆ ಮನೆಯ ಗೋಡೆ, ಮಾಳಿಗೆಗಳಲ್ಲಿರುವ ವಿಜ್ಞಾನವೂ ತರಗತಿಯ ಹೊರಗೇ ಉಳಿಯುತ್ತದೆ. ಈ ಪಟ್ಟಿಯ ಬದಲು ಪ್ರಶ್ನೆಗಳಿಂದ ಮನೆಯನ್ನು ಅಳೆಯುವ ಕ್ರಮವನ್ನು ಇಲ್ಲಿ ಸೂಚಿಸಲಾಗಿದೆ.

ವಿಷಯ ವಿಶ್ಲೇಷಣೆ

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯಿಂದ ವ್ಯಾಪಕ ಬಳಕೆಗೆ ಬಂದಿತು. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದು ಅದರ ತಿರುಳು. ಕಟ್ಟಡಕ್ಕೆ ಅನ್ವಯಿಸಿದರೆ ಐದು ಪ್ರಶ್ನೆಗಳಾಗುತ್ತವೆ:

1. ಸಾಮಗ್ರಿ ಎಷ್ಟು ದೂರದಿಂದ ಬಂತು?
2. ಅದನ್ನು ತಯಾರಿಸಲು ಎಷ್ಟು ಇಂಧನ ಬೇಕಾಯಿತು?
3. ಮನೆಯೊಳಗೆ ಬಾಳಲು ಎಷ್ಟು ವಿದ್ಯುತ್ತು, ನೀರು ಬೇಕು?
4. ಕೆಡವಿದ ಮೇಲೆ ಸಾಮಗ್ರಿ ಏನಾಗುತ್ತದೆ?
5. ಅಲ್ಲಿರುವವರ ದುಡಿಮೆಗೂ ಬದುಕಿಗೂ ಅದು ಹೊಂದುತ್ತದೆಯೇ?

ನಮ್ಮ ಭಾಗದ ಹಳೆಯ ಮಾಳಿಗೆ ಮನೆಯನ್ನು ನೋಡೋಣ. ದಪ್ಪನೆಯ ಮಣ್ಣಿನ ಅಥವಾ ಕಲ್ಲಿನ ಗೋಡೆ. ಮೇಲೆ ತೊಲೆ, ಜಂತೆ, ಅವುಗಳ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆಗೆ ಒಗ್ಗದ ಈ ಚೌಳು ಮಾಳಿಗೆಗೆ ಒಳ್ಳೆಯದು. ಅದರಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಸಣ್ಣ ಕಣಗಳು ನೀರು ತಗುಲಿದಾಗ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ನಡುಹಗಲಿನ ಕಾವು ಒಳಗೆ ಮುಟ್ಟುವುದು ತಡವಾಗಿ. ಮಾಳಿಗೆಯ ಗವಾಕ್ಷಿ ಬೆಳಕು ತರುತ್ತದೆ, ಬಿಸಿಗಾಳಿಯನ್ನು ಹೊರಬಿಡುತ್ತದೆ.

ಐದನೆಯ ಪ್ರಶ್ನೆಗೆ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆ ಒಳ್ಳೆಯ ಉದಾಹರಣೆ. ಗುಂಡಿ ಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕುಳಿತು, ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಮಗ್ಗ ತುಳಿಯುತ್ತಾರೆ. ಗಾಳಿ ತೀರ ಒಣಗಿದರೆ ಎಳೆ ಬಿರುಸಾಗಿ ಹರಿಯುತ್ತದೆ. ಹಾಗಾಗಿ ಮನೆಯ ನೆಲ, ತೇವ, ಬೆಳಕು ಮೂರೂ ಅವರ ಸಂಪಾದನೆಗೆ ಸಂಬಂಧಿಸಿದವು. ಮಗ್ಗವನ್ನು ಮರೆತು ಬರೆದ ಮನೆಯ ನಕ್ಷೆ ಎಷ್ಟೇ ಗಟ್ಟಿಯಾಗಿದ್ದರೂ ನೇಕಾರರಿಗೆ ಅರೆಮನೆಯೇ.

ಪಾಠದ ಹಂತಗಳು

ತೊಡಗಿಸುವಿಕೆ: “ಬೇಸಿಗೆಯ ಮಧ್ಯಾಹ್ನ ನಿಮ್ಮ ಬೀದಿಯಲ್ಲಿ ಎಲ್ಲರೂ ಹೋಗಿ ಕೂರುವ ಜಾಗ ಯಾವುದು? ಏಕೆ?” ಎಂದು ಕೇಳಿ, ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಹಾಗೆಯೇ ಬರೆಯಿರಿ. ಯಾರ ಮನೆ ಯಾವ ಬಗೆಯದು ಎಂದು ಕೈ ಎತ್ತಿಸಬೇಡಿ.

ಪರಿಶೋಧನೆ: (ಅ) ಒಂದು ತಗಡು, ಒಂದು ದಪ್ಪ ಮಣ್ಣಿನ ಇಟ್ಟಿಗೆಯನ್ನು ಕಲ್ಲುಗಳ ಮೇಲೆ ಎತ್ತರಿಸಿ ಬಿಸಿಲಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತಾಮಾಪಕದಿಂದ ಅವುಗಳ ತಳಭಾಗದ ಉಷ್ಣತೆ ಅಳೆದು ಗುಂಪುಗಳು ನಕ್ಷೆ ಎಳೆಯಲಿ. ತಗಡು ಬೇಗ ಕಾಯುತ್ತದೆ, ನೆರಳಿಗೆ ತಂದರೆ ಬೇಗ ಆರುತ್ತದೆ. ಇಟ್ಟಿಗೆ ಎರಡಕ್ಕೂ ತಡಮಾಡುತ್ತದೆ. (ಆ) ಕೆಂಪು ಮಣ್ಣು, ಎರೆ ಮಣ್ಣುಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ನೀರಿನೊಂದಿಗೆ ಕುಲುಕಿ ಒಂದು ದಿನ ಬಿಡಿ. ಮೊದಲು ಮರಳು, ಆಮೇಲೆ ಗೋಡು, ಕೊನೆಗೆ ಜೇಡಿ ಕೂರುತ್ತದೆ.

ವಿವರಣೆ: ಜೇಡಿ ಹೆಚ್ಚಾದರೆ ಮಣ್ಣು ಒಣಗುವಾಗ ಬಿರುಕು ಬಿಡುತ್ತದೆ, ಮರಳೇ ಹೆಚ್ಚಾದರೆ ಕಚ್ಚಿಕೊಳ್ಳುವುದಿಲ್ಲ. ಇಲ್ಲಿಂದ ಆಧುನಿಕ ಪ್ರಯೋಗಕ್ಕೆ ಬನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಆರಂಭಿಸಿದರು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯ ಮೇಲೆ ಬಹುಕಾಲ ಕೆಲಸ ಮಾಡಿದರು. ಇದನ್ನು ಭಟ್ಟಿಯಲ್ಲಿ ಸುಡುವುದಿಲ್ಲ; ನೀರುಣಿಸಿ ಗಟ್ಟಿಮಾಡುತ್ತಾರೆ. ಸೌದೆ, ಕಲ್ಲಿದ್ದಲು ಉಳಿಯುತ್ತದೆ. ಅದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದ್ದು, ಅಲ್ಲಿ ಶಿಕ್ಷಕರಿಗೆ ತರಬೇತಿಗಳೂ ನಡೆಯುತ್ತವೆ.

ವಿಸ್ತರಣೆ: ಇದು ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲೊಂದು. ವರ್ಷಕ್ಕೆ 500 ಮಿ.ಮೀ. ಎಂದು ಇಟ್ಟುಕೊಂಡು ಲೆಕ್ಕ ಮಾಡಿಸಿ. 40 ಚದರ ಮೀಟರ್ ಮಾಳಿಗೆ × 0.5 ಮೀಟರ್ = 20 ಘನ ಮೀಟರ್, ಅಂದರೆ 20,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 16,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ ಐವರ ಮನೆಗೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಈ ಲೆಕ್ಕಕ್ಕೆ ತೂಕ ಹೆಚ್ಚು. ಈಗ ಕೇಳಿ: ಈ ನೀರು ಹಿಡಿಯಲು ಯಾವ ಮಾಳಿಗೆ ಮೇಲು? ಮಣ್ಣಿನ ಮಾಳಿಗೆಯ ನೀರು ಕದಡಿರುತ್ತದೆ. ಇಲ್ಲಿ ಆರ್‌ಸಿಸಿಯೇ ಅನುಕೂಲ. ಒಂದೇ ಮನೆ ಒಂದು ಪ್ರಶ್ನೆಗೆ ಗೆದ್ದು ಇನ್ನೊಂದಕ್ಕೆ ಸೋಲಬಹುದೆಂಬುದು ಮಕ್ಕಳಿಗೆ ಹೊಳೆಯುವುದು ಈ ಹಂತದಲ್ಲಿ.

ಮೌಲ್ಯಮಾಪನ: ಪ್ರತಿ ಗುಂಪು ನೇಕಾರರ ಅಥವಾ ಕುರಿ ಸಾಕುವವರ ಕುಟುಂಬಕ್ಕೆ ಮನೆಯ ನಕ್ಷೆ ಬರೆಯಲಿ. ಗೋಡೆ, ಮಾಳಿಗೆ, ನೀರು, ಕೆಲಸದ ಜಾಗ – ಒಂದೊಂದಕ್ಕೂ ಕಾರಣ ಹೇಳಬೇಕು. ಅಂಕ ಚಿತ್ರದ ಅಂದಕ್ಕಲ್ಲ, ಕೊಟ್ಟ ಕಾರಣಕ್ಕೆ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮಣ್ಣಿನ ಮನೆಯನ್ನು ಹೊಗಳುವ ಪಾಠವಾಗಿ ಇದು ಮುಗಿಯಬಾರದು. ಮಾಳಿಗೆಗೆ ಆಗಾಗ ಮಣ್ಣು ಹಾಕಬೇಕು, ಗೋಡೆ ಸಾರಿಸಬೇಕು. ಸಾರಿಸುವ ದುಡಿಮೆ ಹೆಚ್ಚಾಗಿ ಹೆಂಗಸರ ಪಾಲಿನದು. ಗೆದ್ದಲು, ಇಲಿಗಳ ಕಾಟವಿದೆ; ಜಡಿಮಳೆಗೆ ಗೋಡೆ ಕುಸಿಯುವ ಭಯವೂ ಇದೆ. ಗಟ್ಟಿಮನೆ ಬೇಕೆಂಬ ಕುಟುಂಬದ ಆಸೆ ನ್ಯಾಯವಾದದ್ದು. “ಹೊಸ ಮನೆಯಲ್ಲಿ ಹಳೆಯ ಮನೆಯ ಯಾವ ಗುಣ ಉಳಿಯಬೇಕು?” ಎಂಬ ಪ್ರಶ್ನೆಯೊಂದಿಗೆ ಮೂರನೆಯ ಅವಧಿಯನ್ನು ಮುಗಿಸಿ, ಉತ್ತರವನ್ನು ಮನೆಯ ಹಿರಿಯರಿಂದ ಕೇಳಿ ಬರಲು ಹೇಳಿ. ಮಾರ್ಗದರ್ಶಕ ಉಪನ್ಯಾಸಕರು ಪಾಠ ವೀಕ್ಷಿಸುವಾಗ ಗಮನಿಸಬೇಕಾದದ್ದು ಒಂದೇ: ಯಾವ ಮನೆಯ ಮಗುವೂ ಮಾತಾಡಲು ಹಿಂಜರಿಯಲಿಲ್ಲವೇ?